ಗುನುಗಿದ್ದಕ್ಕೂ ಲೆಕ್ಕವಿದೆ

ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್‌ನ ಒಂದು ಕಂಪನಿಯಲ್ಲಿ ನಾನು ಮಾಡುತ್ತಿದ್ದ ಕೆಲಸ ಹೇಳಲು ಸುಲಭ: ಅಮೆರಿಕದ ಹಳೆಯ ಟಿವಿ ಧಾರಾವಾಹಿಗಳು ಡಿವಿಡಿಯಾಗುವ ಮುನ್ನ ಅವುಗಳೊಳಗಿನ ಹಾಡುಗಳಿಗೆ ಅನುಮತಿ ಪಡೆಯುವುದು. ಧಾರಾವಾಹಿಯ ಹಕ್ಕು ನಮ್ಮ ಕೈಯಲ್ಲಿರುತ್ತಿತ್ತು, ಟೇಪು ಕಪಾಟಿನಲ್ಲಿರುತ್ತಿತ್ತು. ಹಾಡು ಮಾತ್ರ ಬಾಡಿಗೆಯದು.

ಹಳೆಯ ಕರಾರುಗಳಲ್ಲಿ ‘ಪ್ರಸಾರಕ್ಕೆ, ಇಷ್ಟು ವರ್ಷಕ್ಕೆ’ ಎಂದಷ್ಟೇ ಬರೆದಿರುತ್ತಿದ್ದರು. ವಾರಕ್ಕೊಮ್ಮೆ ಬಂದು ಹೋಗುವ ಕಂತನ್ನು ಜನ ಡಬ್ಬಿಗಟ್ಟಲೆ ಕೊಂಡು ಮನೆಯಲ್ಲಿಟ್ಟುಕೊಳ್ಳುತ್ತಾರೆಂದು 1978ರಲ್ಲಿ ಯಾರಿಗೆ ಹೊಳೆದೀತು? ಹಾಗಾಗಿ ಎಲ್ಲವನ್ನೂ ಹೊಸದಾಗಿ ಕೇಳಬೇಕು. ಅದೂ ಎರಡು ಬಾಗಿಲು ತಟ್ಟಬೇಕು: ಹಾಡು ಕಟ್ಟಿದವರ ಪರವಾಗಿರುವ ಪ್ರಕಾಶಕರದು ಒಂದು, ಧ್ವನಿಮುದ್ರಣದ ಒಡೆತನವಿರುವ ರೆಕಾರ್ಡ್ ಕಂಪನಿಯದು ಇನ್ನೊಂದು. ಮೂವರು ಸೇರಿ ಬರೆದ ಹಾಡಾದರೆ ಪ್ರಕಾಶಕರೂ ಮೂವರಿರಬಹುದು. ಅವರಲ್ಲಿ ಒಬ್ಬರು ತಲೆಯಾಡಿಸದಿದ್ದರೂ ಹಾಡು ಕೈಬಿಟ್ಟಂತೆಯೇ.

ಈ ವೃತ್ತಿಯಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ‘ಡಬ್ಲ್ಯೂಕೆಆರ್‌ಪಿ ಇನ್ ಸಿನ್ಸಿನಾಟಿ’. ರೇಡಿಯೊ ಕೇಂದ್ರದ ಕಥೆ, ಹಾಡಿಲ್ಲದೆ ಕದಲುವುದಿಲ್ಲ. 2007ರಲ್ಲಿ ಮೊದಲ ಸೀಸನ್ ಡಿವಿಡಿಯಾಗಿ ಬಂದಾಗ ಮೂಲ ಹಾಡುಗಳ ಜಾಗದಲ್ಲಿ ಬಹಳಷ್ಟು ಕಡೆ ಬೇರೆ ಸಂಗೀತವಿತ್ತು. ಒಂದು ಕಂತಿನಲ್ಲಿ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಹಾಡು ಮೊಳಗುತ್ತಿರುವಾಗ ಮ್ಯಾನೇಜರ್ ಒಳಬಂದು, ಇದರಲ್ಲಿ ನಾಯಿ ಬೊಗಳುತ್ತಿದೆಯಲ್ಲ ಎಂದು ವಿಚಾರಿಸುತ್ತಾನೆ. ಅಲ್ಲಿಗೆ ಯಾವ ಪಿಟೀಲು ತಂದು ಹಚ್ಚುತ್ತೀರಿ? ಬಹುಪಾಲು ಹಾಡುಗಳೊಂದಿಗೆ ಪೂರ್ತಿ ಸರಣಿ ಹೊರಬರಲು 2014ರವರೆಗೆ ಕಾಯಬೇಕಾಯಿತು.

ನಾನು ಎಡವಿದ್ದು ಇಷ್ಟು ದೊಡ್ಡ ಹಾಡಿನಲ್ಲಲ್ಲ. ಯಾವ ಕಂತಿನಲ್ಲಿ ಯಾವ ಸಂಗೀತ, ಎಷ್ಟು ಸೆಕೆಂಡು ಎಂದು ನಿರ್ಮಾಪಕರು ಅಂದೇ ಬರೆದಿಡುವ ಪಟ್ಟಿಗೆ ಕ್ಯೂ ಶೀಟ್ ಎನ್ನುತ್ತಾರೆ. ಒಂದು ಕಂತಿನ ಪಟ್ಟಿಯಲ್ಲಿದ್ದ ಐದೂ ಹಾಡುಗಳಿಗೆ ಒಪ್ಪಿಗೆ ಪಡೆದು ಫೈಲು ಮುಚ್ಚಿದ್ದೆ. ಡಿಸ್ಕ್ ಕಾರ್ಖಾನೆಗೆ ಹೋಗುವ ವಾರ, ತಪಾಸಣೆಯ ಸಹೋದ್ಯೋಗಿ ನನ್ನನ್ನು ಕರೆದು ತನ್ನ ಹೆಡ್‌ಫೋನನ್ನು ನನ್ನ ಕಿವಿಗಿಟ್ಟ. ನಲ್ಲಿ ನೀರು, ತಟ್ಟೆಗಳ ಸದ್ದು, ಪಾತ್ರೆ ತೊಳೆಯುತ್ತ ತಾಯಿ ಒಂದು ಹಾಡು ಗುನುಗುತ್ತಿದ್ದಾಳೆ. ಒಂಬತ್ತು ಸೆಕೆಂಡು. ಪಟ್ಟಿಯಲ್ಲಿ ಇರಲಿಲ್ಲ.

ಗುನುಗಿದ್ದು ನಟಿಯಾದ್ದರಿಂದ ರೆಕಾರ್ಡ್ ಕಂಪನಿಗೆ ಅದರಲ್ಲಿ ಪಾಲಿಲ್ಲ. ಆದರೆ ಧಾಟಿ ಬೇರೆಯವರ ಸ್ವತ್ತು. ಪ್ರಕಾಶಕರು ಕೇಳಿದ ಮೊತ್ತ ಉಳಿದ ಐದು ಹಾಡುಗಳಿಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಗುನುಗನ್ನಷ್ಟೇ ಅಳಿಸೋಣವೆಂದರೆ ಸಂಭಾಷಣೆ, ಪಾತ್ರೆಯ ಸದ್ದು, ಗುನುಗು ಮೂರೂ ಒಂದೇ ಟ್ರ್ಯಾಕಿನಲ್ಲಿ ಬೆರೆತಿದ್ದವು. ಹಾಲು ನೀರು ಬೇರ್ಪಡಿಸುವ ಹಂಸ ನಮ್ಮ ಸ್ಟುಡಿಯೊದಲ್ಲಿ ಇರಲಿಲ್ಲ.

ಅಂದಿನಿಂದ ಪ್ರತಿ ಕಂತನ್ನೂ ಒಮ್ಮೆ ಪರದೆ ಆರಿಸಿ, ಬರೀ ಕಿವಿಯಿಂದ ಕೇಳತೊಡಗಿದೆ. ಪಟ್ಟಿ ನೋಡುವುದು ಆಮೇಲೆ.

ಆ ಒಂಬತ್ತು ಸೆಕೆಂಡನ್ನು ಕೊನೆಗೆ ಕತ್ತರಿಸಿದೆವು. ಅದರೊಂದಿಗೆ ಮಗ ಕೇಳಿದ ಪ್ರಶ್ನೆಯೂ ಹೋಯಿತು. ಈಗ ಡಿವಿಡಿಯಲ್ಲಿ ತಾಯಿ ಕೈ ಒರೆಸಿಕೊಂಡು, ಯಾರೂ ಏನೂ ಕೇಳದೆಯೇ, ‘ನಾಳೆ ನೋಡೋಣ’ ಎನ್ನುತ್ತಾಳೆ.