ತೊಟ್ಟಿಯ ನೀರು, ಮಕ್ಕಳ ಗ್ರಾಮಸಭೆ

17 ನವೆಂಬರ್ 2025, ಸೋಮವಾರ

ಬರುವ ಶುಕ್ರವಾರ ಮಕ್ಕಳ ಗ್ರಾಮಸಭೆ ನಡೆಯಲಿದೆ ಎಂದು ಪಂಚಾಯಿತಿಯಿಂದ ಪತ್ರ ಬಂದಿದೆ. ಕೇಳಬೇಕಾದ ಪ್ರಶ್ನೆಗಳನ್ನು ಶಿಕ್ಷಕರೇ ಬರೆದು, ಮಾತಿನಲ್ಲಿ ಚುರುಕಾದ ಇಬ್ಬರು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಕಳುಹಿಸುವ ರೂಢಿ ನನಗೆ ಎಂದೂ ಹಿಡಿಸಿಲ್ಲ. ಆದ್ದರಿಂದ ಆರರಿಂದ ಎಂಟನೆಯ ತರಗತಿಯ ಮಕ್ಕಳ ಮುಂದೆ ಒಂದು ಖಾಲಿ ಡಬ್ಬಿಯನ್ನಿಟ್ಟು, ಹೆಸರು ಹಾಕದೆ ತಮ್ಮ ತೊಂದರೆಗಳನ್ನು ಚೀಟಿಯಲ್ಲಿ ಬರೆದು ಹಾಕಲು ಹೇಳಿದೆವು. ಆಟದ ಸಾಮಾನು, ಬೀದಿನಾಯಿ, ಸಾರಿನ ಖಾರ ಎಲ್ಲವೂ ಬಂದವು. ಆದರೆ ಹೆಚ್ಚಿನ ಚೀಟಿಗಳಲ್ಲಿ ಇದ್ದದ್ದು ಒಂದೇ ದೂರು: ಊಟದ ನಂತರ ಹುಡುಗಿಯರ ಶೌಚಾಲಯದಲ್ಲಿ ನೀರಿರುವುದಿಲ್ಲ. "ನೀರಿನ ಗಂಟೆ ಹೊಡೆದಾಗ ಬಾಟಲಿ ಬಾಯಿಗೆ ಇಡುತ್ತೇವೆ, ಕುಡಿಯುವುದಿಲ್ಲ" ಎಂದು ಒಬ್ಬಳು ಬರೆದಿದ್ದಳು. ಮಕ್ಕಳು ನೀರು ಕುಡಿಯಲಿ ಎಂದೇ ಹೊಡೆಯುವ ಗಂಟೆಯದು.

18 ನವೆಂಬರ್, ಮಂಗಳವಾರ

"ನೀರು ಸಾಲುವುದಿಲ್ಲ" ಎಂದರೆ ಸಭೆಯಲ್ಲಿ "ನೋಡೋಣ" ಎಂಬ ಉತ್ತರ ಬರುತ್ತದೆ. ಎಷ್ಟು ಸಾಲುವುದಿಲ್ಲ ಎಂದು ಹೇಳಬೇಕಾದರೆ ಅಳೆಯಬೇಕು. ಶೌಚಾಲಯಕ್ಕೂ ಕೈತೊಳೆಯುವ ನಲ್ಲಿಗೂ ಒಂದೇ ಸಿಮೆಂಟ್ ತೊಟ್ಟಿಯಿಂದ ನೀರು ಹೋಗುತ್ತದೆ. ನೀರುಗಂಟಿಯವರು ಬೆಳಗ್ಗೆ ಊರಿಗೆ ನೀರು ಬಿಟ್ಟಾಗ ಅದು ತುಂಬುತ್ತದೆ, ಆಮೇಲೆ ಮರುದಿನದವರೆಗೆ ಇಲ್ಲ. ಎಂಟನೆಯ ತರಗತಿಯವರು ತೊಟ್ಟಿಯ ಒಳ ಅಳತೆ ತೆಗೆದರು: ಉದ್ದ 120 ಸೆಂಟಿಮೀಟರ್, ಅಗಲ 100. ಘನಫಲದ ಪಾಠ ಇನ್ನೂ ಆಗಿರಲಿಲ್ಲವಾದರೂ, ನೀರು ಒಂದು ಸೆಂಟಿಮೀಟರ್ ಇಳಿದರೆ 12 ಲೀಟರ್ ಖರ್ಚಾಯಿತು ಎಂಬ ಲೆಕ್ಕಕ್ಕೆ ಅವರು ತಾವೇ ಬಂದು ಮುಟ್ಟಿದರು. ಬಿದಿರು ಕೋಲಿಗೆ ಬ್ಲೇಡಿನಿಂದ ಗೆರೆ ಕೊರೆದದ್ದನ್ನು ನಮ್ಮ ಅಡುಗೆಯವರು ಸಂಶಯದಿಂದಲೇ ನೋಡುತ್ತಿದ್ದರು.

ಪ್ರತಿ ಅವಧಿಯ ಕೊನೆಗೆ ಕೋಲು ಇಳಿಸಿ ಬರೆದುಕೊಂಡರು. ಬೆಳಗ್ಗೆ ಹತ್ತಕ್ಕೆ 70 ಸೆಂಟಿಮೀಟರ್ ಇದ್ದ ನೀರು ಎರಡು ಗಂಟೆಗೆ 12ಕ್ಕೆ ಇಳಿದಿತ್ತು. ಏಳನೆಯ ತರಗತಿಯವರು ಸ್ತಂಭ ನಕ್ಷೆ ಬರೆದಾಗ, ಊಟದ ಹೊತ್ತಿನ ಸ್ತಂಭವೊಂದೇ ಉಳಿದವುಗಳನ್ನೆಲ್ಲ ಮೀರಿ ನಿಂತಿತು: ಆ ಒಂದು ಗಂಟೆಯಲ್ಲೇ 41 ಸೆಂಟಿಮೀಟರ್, ಎಂದರೆ 492 ಲೀಟರ್. ಅದು ತಟ್ಟೆ ತೊಳೆದ ನೀರು. ಪಂಚಾಯಿತಿಯನ್ನು ತರಾಟೆಗೆ ತೆಗೆದುಕೊಳ್ಳಲು ಸಜ್ಜಾಗಿದ್ದ ತರಗತಿ ಇದನ್ನು ಕಂಡು ಸ್ವಲ್ಪ ಪೆಚ್ಚಾಯಿತು. ಈ ನಕ್ಷೆಯನ್ನು ಸಭೆಗೆ ಒಯ್ಯುವುದೇ ಬೇಡ ಎಂದು ಕೆಲವರು ವಾದಿಸಿದರು. ಮುಚ್ಚಿಟ್ಟರೆ ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ ಎಂದು ಇನ್ನು ಕೆಲವರು. ಈ ಚರ್ಚೆಗಾಗಿ ವಿಜ್ಞಾನದ ಅವಧಿಯೊಂದನ್ನು ಬಿಟ್ಟುಕೊಟ್ಟ ಸಹೋದ್ಯೋಗಿಗೆ ನಾನು ಋಣಿ.

20 ನವೆಂಬರ್, ಗುರುವಾರ

ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 1989ರ ಇದೇ ದಿನ; ಭಾರತ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1992ರಲ್ಲಿ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ, ಆ ಅಭಿಪ್ರಾಯಕ್ಕೆ ವಯಸ್ಸಿಗೂ ಪ್ರಬುದ್ಧತೆಗೂ ತಕ್ಕ ಬೆಲೆ ಸಿಗಬೇಕು ಎನ್ನುವ ಅದರ 12ನೆಯ ವಿಧಿಯನ್ನು ಓದಿಸಿದೆ. ಬಳಿಕ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಬಾಲಕರಿಗೂ ಬಾಲಕಿಯರಿಗೂ ಪ್ರತ್ಯೇಕ ಶೌಚಾಲಯ, ಎಲ್ಲ ಮಕ್ಕಳಿಗೂ ಸುರಕ್ಷಿತವಾದ ಸಾಕಷ್ಟು ಕುಡಿಯುವ ನೀರು. "ಶೌಚಾಲಯ ಇರಬೇಕು ಅಂತಿದೆ ಸಾರ್, ಅದರಲ್ಲಿ ನೀರಿರಬೇಕು ಅಂತ ಬರೆದೇ ಇಲ್ಲವಲ್ಲ" ಎಂದ ಆರನೆಯ ತರಗತಿಯ ಹುಡುಗನ ಮಾತು ನಿಜವೇ. ನೀರಿಲ್ಲದ ಶೌಚಾಲಯವನ್ನು ಶೌಚಾಲಯವೆಂದು ಎಣಿಸಬಹುದೇ ಎಂಬುದರ ಮೇಲೆ ಅವರೇ ಮನವಿಯ ಎರಡನೆಯ ಪ್ಯಾರಾ ಬರೆದರು. ಕಾಗುಣಿತದ ತಪ್ಪುಗಳನ್ನಷ್ಟೇ ನಾನು ತಿದ್ದಿದೆ.

21 ನವೆಂಬರ್, ಶುಕ್ರವಾರ

ಸಭೆಯ ಮೊದಲ ಒಂದು ತಾಸು ಸ್ವಾಗತ, ಹಾರ ಮತ್ತು ದೊಡ್ಡವರ ಭಾಷಣಗಳಲ್ಲೇ ಕಳೆಯಿತು. ಮಕ್ಕಳ ಹೆಸರಿನ ಸಭೆಯಲ್ಲಿ ಮಕ್ಕಳು ಇಷ್ಟು ಹೊತ್ತು ಚಪ್ಪಾಳೆ ತಟ್ಟುತ್ತಾ ಕೂರಬೇಕೇಕೆ ಎಂಬುದು ನನಗಂತೂ ತಿಳಿಯದು. ಕೊನೆಗೂ ನಮ್ಮವರ ಸರದಿ ಬಂದಾಗ, ಏಳನೆಯ ತರಗತಿಯ ಹುಡುಗಿ ನಕ್ಷೆಯನ್ನು ಹಿಡಿದು ನಿಂತು, ತಟ್ಟೆ ತೊಳೆಯಲು ಹೆಚ್ಚು ನೀರು ಹೋಗುತ್ತಿರುವುದನ್ನು ಮೊದಲು ಹೇಳಿದಳು. ಇನ್ನು ಮುಂದೆ ನಲ್ಲಿಯ ಕೆಳಗೆ ತೊಳೆಯದೆ ಎರಡು ಬೇಸಿನ್‌ಗಳಲ್ಲಿ ತೊಳೆಯುವುದಾಗಿಯೂ, ಆದರೂ ತೊಟ್ಟಿ ಸಂಜೆಯವರೆಗೆ ಬಾರದ ಕಾರಣ ಮಧ್ಯಾಹ್ನ ಇನ್ನೊಮ್ಮೆ ನೀರು ಬಿಡಬೇಕೆಂದೂ ಕೇಳಿದಳು. ಶೌಚಾಲಯದ ಮಾತನ್ನು ಊರವರೆದುರು ಹೇಗೆ ಆಡುವುದೆಂದು ಹಿಂದಿನ ದಿನ ಅಳುಕಿದ್ದವಳು ಇವಳೇ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರು ಕರೆಂಟಿನ ವೇಳಾಪಟ್ಟಿಯ ತೊಡಕನ್ನು ವಿವರಿಸಿದರು. ನೀರುಗಂಟಿಯವರೇ ಎದ್ದು, ಹನ್ನೆರಡೂವರೆಗೆ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟ್ ಇರುತ್ತದೆ, ಇಪ್ಪತ್ತು ನಿಮಿಷ ಬಿಡಬಹುದು ಎಂದರು. "ಅದನ್ನು ಬರೆದುಕೊಳ್ಳಿ ಸಾರ್" ಎಂದಳು ಹುಡುಗಿ. ನಡಾವಳಿ ಪುಸ್ತಕದಲ್ಲಿ ಬರೆದರು.

22 ನವೆಂಬರ್, ಶನಿವಾರ

ಬೆಳಗಿನ ತರಗತಿ. ಬೇಸಿನ್‌ಗಳಿಗೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಹಣ ಕೊಡುವುದಾಗಿ ಹೇಳಿದ್ದಾರೆ. ಕೋಲು ಹಿಡಿಯುವವರ ಮುಂದಿನ ವಾರದ ಸರದಿಪಟ್ಟಿ ಸಿದ್ಧವಾಗಿದೆ; ಈ ಬಾರಿ ಮಧ್ಯಾಹ್ನದ ಹಾಜರಿಯನ್ನೂ ಜೊತೆಗೆ ಬರೆದುಕೊಳ್ಳಲಿದ್ದಾರೆ. ನಡಾವಳಿಯ ನಕಲು ಸೋಮವಾರ ಸಿಗುತ್ತದೆಯಂತೆ. ಅದನ್ನು ತರಲು ಹೋಗುವವರು ಗಣಿತದ ಕಿರುಪರೀಕ್ಷೆ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದ ಮೇಲೆ, ಮುಂದೆ ಬಂದಿದ್ದ ಕೈಗಳಲ್ಲಿ ಅರ್ಧ ಕೆಳಗಿಳಿದವು.