ಅವಳಿಗ್ಯಾಕೆ ಬೇಕಿತ್ತು ಊರ ಉಸಾಬರಿ

2025ರ ಜುಲೈ 28, ಸೋಮವಾರ ನನಗೆ ಮಧ್ಯಾಹ್ನದ ಪಾಳಿಯಿತ್ತು. ಮಲ್ಲೇಶ್ವರದಲ್ಲಿರುವ ಒಂದು ಕನ್ನಡ ಸುದ್ದಿ ಜಾಲತಾಣದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಜನ ಕಡಿಮೆಯಿದ್ದ ದಿನ ನಮ್ಮ ಫೇಸ್‌ಬುಕ್ ಪುಟದಲ್ಲಿ ಸುದ್ದಿಗಳ ಕೆಳಗೆ ಬರುವ ಕಾಮೆಂಟುಗಳನ್ನು ಸೋಸುವ ಹೊಣೆಯೂ ನನ್ನ ಪಾಲಿಗೇ ಬರುತ್ತದೆ. ನಟಿ, ಮಂಡ್ಯದ ಮಾಜಿ ಸಂಸದೆ ರಮ್ಯಾ ಅಂದು ಬೆಂಗಳೂರು ನಗರ ಪೊಲೀಸ್ ಕಮಿಷನರ್ ಅವರಿಗೆ ದೂರು ಕೊಟ್ಟರು. ತಮಗೆ ಅಶ್ಲೀಲ ಸಂದೇಶಗಳನ್ನೂ ಬೆದರಿಕೆಗಳನ್ನೂ ಕಳುಹಿಸಿದ 43 ಖಾತೆಗಳ ವಿವರ ಆ ದೂರಿನಲ್ಲಿತ್ತು. ಅಷ್ಟೆಲ್ಲ ಆಕ್ರೋಶಕ್ಕೆ ಕಾರಣವಾದದ್ದು ಒಂದು ಪೋಸ್ಟ್. ರೇಣುಕಸ್ವಾಮಿ ಕೊಲೆ ಪ್ರಕರಣದ ಆರೋಪಿ ನಟ ದರ್ಶನ್ ಅವರಿಗೆ ಹೈಕೋರ್ಟ್ ಜಾಮೀನು ಕೊಟ್ಟ ರೀತಿಯನ್ನು ಸುಪ್ರೀಂ ಕೋರ್ಟ್ ಪ್ರಶ್ನಿಸಿದ ಸುದ್ದಿಯನ್ನು ಹಂಚಿಕೊಂಡು, ಕೊಲೆಯಾದವನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂಬ ಅರ್ಥದಲ್ಲಿ ಅವರು ಬರೆದಿದ್ದರು.

ದೂರಿನ ಸುದ್ದಿಯನ್ನು ನಾವು ಹಾಕಿದ ಸ್ವಲ್ಪ ಹೊತ್ತಿಗೇ ಅದರ ಕೆಳಗೂ ಅಂಥದ್ದೇ ಬೈಗುಳ ಹರಿಯತೊಡಗಿತು. ಪುಟದ ಸೆಟ್ಟಿಂಗ್ಸ್‌ನಲ್ಲಿ ನಿಷೇಧಿತ ಪದಗಳ ಪಟ್ಟಿಯೊಂದಿದೆ; ಅದರಲ್ಲಿರುವ ಪದ ಬಂದರೆ ಕಾಮೆಂಟು ತಾನಾಗಿ ಮರೆಯಾಗುತ್ತದೆ. ಆದರೆ ಬರೆಯುವವರಿಗೂ ಇದು ಗೊತ್ತು. ಕನ್ನಡ ಲಿಪಿಯಲ್ಲಿ ತಡೆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ, ಅದನ್ನೂ ತಡೆದರೆ ನಡುವೆ ಚುಕ್ಕಿಯನ್ನೋ ನಕ್ಷತ್ರವನ್ನೋ ಇಡುತ್ತಾರೆ, ಇಲ್ಲವೇ ಹ್ರಸ್ವವನ್ನು ದೀರ್ಘ ಮಾಡುತ್ತಾರೆ. ಕಾಗುಣಿತ ತಿದ್ದುವುದೇ ಕಸುಬಾದ ನಾನು, ಒಂದೊಂದು ಬೈಗುಳವನ್ನು ಎಷ್ಟು ಬಗೆಯಲ್ಲಿ ತಪ್ಪಾಗಿ ಬರೆಯಬಹುದೆಂದು ಯೋಚಿಸಿ, ಅಷ್ಟನ್ನೂ ಪಟ್ಟಿಗೆ ಸೇರಿಸುತ್ತ ಸಂಜೆಯವರೆಗೆ ಕುಳಿತೆ. ಆ ಕೊಲೆ ಪ್ರಕರಣದ ಹಿನ್ನೆಲೆಯಲ್ಲಿ ಇರುವುದೇ ಕೊಲೆಯಾದ ರೇಣುಕಸ್ವಾಮಿ ಹೆಣ್ಣೊಬ್ಬಳಿಗೆ ಅಶ್ಲೀಲ ಸಂದೇಶ ಕಳುಹಿಸಿದ್ದನೆಂಬ ಆಪಾದನೆ. ಆರೋಪಿಯ ಅಭಿಮಾನಿಗಳೆಂದು ಹೇಳಿಕೊಳ್ಳುವವರು ಈಗ ಇನ್ನೊಬ್ಬ ಹೆಣ್ಣಿಗೆ ಕಳುಹಿಸುತ್ತಿದ್ದುದು ಅಂಥದೇ ಸಂದೇಶಗಳನ್ನು. ಇದರ ವಿಪರ್ಯಾಸ ಅವರಿಗೆ ಹೊಳೆದಂತೆ ಕಾಣಲಿಲ್ಲ.

ಅದಕ್ಕೂ ಎರಡು ತಿಂಗಳ ಹಿಂದೆ, ಮೇ ಕೊನೆಯಲ್ಲಿ, ಇದೇ ಕೆಲಸವನ್ನು ನಾನು ಕಮಲ್ ಹಾಸನ್ ಸುದ್ದಿಯ ಕೆಳಗೆ ಮಾಡಿದ್ದೆ. ಚೆನ್ನೈನ ಸಮಾರಂಭವೊಂದರಲ್ಲಿ ಶಿವರಾಜ್‌ಕುಮಾರ್ ಅವರ ಎದುರಿನಲ್ಲೇ ಕನ್ನಡ ತಮಿಳಿನಿಂದ ಹುಟ್ಟಿತೆಂದು ಅವರು ಹೇಳಿದ್ದರು. ನಮ್ಮವರು ಸಿಟ್ಟಾದದ್ದು ನಿಜ. ಸಿಟ್ಟಿಗೆ ಕಾರಣವೂ ಇತ್ತು. ಕ್ಷಮೆ ಕೇಳದ ಹೊರತು ಅವರ 'ಥಗ್ ಲೈಫ್' ಚಿತ್ರದ ಬಿಡುಗಡೆ ಬೇಡವೆಂದು ಇಲ್ಲಿನ ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿತು, ಅವರು ಕ್ಷಮೆ ಕೇಳಲಿಲ್ಲ, ಜೂನ್ 5ರಂದು ಆ ಚಿತ್ರ ಕರ್ನಾಟಕದಲ್ಲಿ ತೆರೆ ಕಾಣಲಿಲ್ಲ. ಆದರೆ ಆ ಕಾಮೆಂಟುಗಳನ್ನು ಓದುವುದು ಒಂದು ಬಗೆಯ ವಿದ್ಯಾಭ್ಯಾಸವೇ ಆಗಿತ್ತು. ಒಬ್ಬರು ಹಲ್ಮಿಡಿ ಶಾಸನವನ್ನು ತಂದರೆ, ಇನ್ನೊಬ್ಬರು ಕವಿರಾಜಮಾರ್ಗವನ್ನು ತಂದರು, ಮತ್ತೊಬ್ಬರು ಮೂಲ ದ್ರಾವಿಡದಿಂದ ಎರಡೂ ಭಾಷೆಗಳು ಕವಲೊಡೆದ ಬಗೆಯನ್ನು ಮೇಷ್ಟರಂತೆ ವಿವರಿಸಿದರು. ಕಮಲ್ ಅವರ ಸಂಸಾರದ ಪ್ರಸ್ತಾಪ ಅಲ್ಲೊಂದು ಇಲ್ಲೊಂದು ಬಂದರೂ, ಜನ ಬೈದದ್ದು ಬಹುಮಟ್ಟಿಗೆ ಅವರು ಆಡಿದ ಮಾತನ್ನು.

ರಮ್ಯಾ ಅವರ ಮಾತನ್ನು ಖಂಡಿಸುವುದಕ್ಕೂ ದಾರಿಗಳಿದ್ದವು. ವಿಚಾರಣೆ ಮುಗಿಯುವ ಮುನ್ನ ಆರೋಪಿಯನ್ನು ಅಪರಾಧಿಯೆಂದು ಕಾಣಬಾರದು, ಜಾಮೀನು ಎಂದರೆ ಖುಲಾಸೆಯಲ್ಲ, ಹೆಸರುವಾಸಿಯಾದವರು ನ್ಯಾಯಾಲಯದ ಮುಂದಿರುವ ಪ್ರಕರಣದ ಬಗ್ಗೆ ಎಚ್ಚರದಿಂದ ಮಾತನಾಡಬೇಕು. ಇವೆಲ್ಲ ತೂಕದ ವಾದಗಳೇ. ಇವನ್ನು ಹೂಡಿದವರು ಬೆರಳೆಣಿಕೆಯಷ್ಟು ಜನ. ಮಿಕ್ಕವರಿಗೆ ಆಕೆಯ ಮಾತೇ ಬೇಕಿರಲಿಲ್ಲ. ವಯಸ್ಸು, ಮೈಕಟ್ಟು, ಮದುವೆಯಾಗದಿರುವುದು, ಇಷ್ಟೇ ಸಾಕಾಗಿತ್ತು.

ಪಕ್ಕದ ಕ್ರೀಡಾ ವಿಭಾಗದ ಹಿರಿಯ ಸಹೋದ್ಯೋಗಿ ನನ್ನ ಗೊಣಗಾಟ ಕೇಳಿಸಿಕೊಂಡು, "ಗಂಡಸರಿಗೆ ಬೈಯಲ್ವೇನಮ್ಮಾ? ಪ್ರಕಾಶ್ ರಾಜ್ ಒಂದು ಟ್ವೀಟ್ ಹಾಕಿದ್ರೆ ಕೆಳಗೆ ಹೋಗಿ ನೋಡು" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಪ್ರಕಾಶ್ ರಾಜ್ ಅವರಿಗೆ ಬೀಳುವ ಬೈಗುಳದ ಪ್ರಮಾಣ ಕಡಿಮೆಯದಲ್ಲ, ಅದರಲ್ಲಿ ಮನೆಯ ವಿಷಯವನ್ನು ಎಳೆದು ತರುವವರೂ ಇದ್ದಾರೆ. ಆದರೆ ಗಂಡಸಾಗಿ ನಿಮಗೇಕೆ ಈ ರಾಜಕೀಯ ಎಂದು ಅವರನ್ನು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಹೀಗೆಂದಾಗ ಅವರು ನಕ್ಕು, ತಮ್ಮ ಕ್ರಿಕೆಟ್ ಸ್ಕೋರಿನತ್ತ ತಿರುಗಿದರು.

ಅಶ್ಲೀಲವಾದವುಗಳನ್ನೆಲ್ಲ ಮರೆಮಾಡಿದ ಮೇಲೆ ಉಳಿದ ಕಾಮೆಂಟುಗಳೇ ನನ್ನನ್ನು ಹೆಚ್ಚು ಕಾಡಿದ್ದು. ಅವುಗಳಲ್ಲಿ ಒಂದೇ ಒಂದು ಕೆಟ್ಟ ಪದವಿರಲಿಲ್ಲ, ಅನೇಕವುಗಳ ಕೊನೆಯಲ್ಲಿ ಕೈಮುಗಿದ ಚಿತ್ರವೂ ಇತ್ತು. ಒಳ್ಳೆಯ ನಟಿ ನೀವು ಮೇಡಂ, ಇದೆಲ್ಲ ನಿಮಗೆ ಯಾಕೆ ಬೇಕಿತ್ತು. ಹೆಣ್ಣುಮಕ್ಕಳು ಸ್ವಲ್ಪ ತಗ್ಗಿ ಬಗ್ಗಿ ನಡೆದರೆ ಚೆಂದ. ಬೈದವರದು ತಪ್ಪೇ, ಆದರೆ ಕೆಣಕಿದವರು ಯಾರು. ಬರೆದವರಲ್ಲಿ ನಿವೃತ್ತ ಉದ್ಯೋಗಿಗಳಿದ್ದರು, ಶಿಕ್ಷಕಿಯರಿದ್ದರು, ಮೊಮ್ಮಕ್ಕಳ ಫೋಟೊ ಹಾಕಿಕೊಂಡ ಅಜ್ಜಿಯರಿದ್ದರು. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮು ಇದೆ, ಅಶ್ಲೀಲವನ್ನು ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಇದೆ. ಅವುಗಳ ಬಲದಿಂದ ಪೊಲೀಸರು ಕೆಲವರನ್ನು ಬಂಧಿಸಬಹುದು, ಮುಂದಿನ ದಿನಗಳಲ್ಲಿ ಬಂಧಿಸಿದರು ಕೂಡ. ಈ ಸಭ್ಯರನ್ನು ಯಾವ ಕಲಮೂ ಮುಟ್ಟದು, ಮುಟ್ಟಲೂ ಬಾರದು. ಆದರೆ ಅಶ್ಲೀಲವಾಗಿ ಬರೆದವನಿಗೆ ಧೈರ್ಯ ಬರುವುದು ಇವರಿಂದಲೇ ಎಂಬ ಅನುಮಾನ ನನಗಿದೆ. ಆಕೆ ಮಾತನಾಡಿದ್ದೇ ತಪ್ಪೆಂದು ಇವರು ಮೊದಲೇ ತೀರ್ಪು ಕೊಟ್ಟಿರುತ್ತಾರೆ. ಅವನು ಶಿಕ್ಷೆಯನ್ನು ಜಾರಿ ಮಾಡುತ್ತೇನೆಂದು ಹೊರಡುತ್ತಾನೆ.

ರಮ್ಯಾ ಅವರಿಗೆ ಈ ಸಭ್ಯರ ಪರಿಚಯ ಹೊಸದಲ್ಲ. 2016ರ ಆಗಸ್ಟ್‌ನಲ್ಲಿ ಇಸ್ಲಾಮಾಬಾದಿಗೆ ಹೋಗಿ ಬಂದ ಅವರು ಪಾಕಿಸ್ತಾನ ನರಕವಲ್ಲ ಎಂದರು. ಅಲ್ಲಿಗೆ ಹೋಗುವುದು ನರಕಕ್ಕೆ ಹೋದಂತೆ ಎಂದು ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಆಡಿದ್ದ ಮಾತಿಗೆ ಅದು ಉತ್ತರವಾಗಿತ್ತು. ಸೋಮವಾರಪೇಟೆಯ ನ್ಯಾಯಾಲಯದಲ್ಲಿ ಅವರ ಮೇಲೆ ದೇಶದ್ರೋಹದ ದೂರು ದಾಖಲಾಯಿತು, ಮಂಗಳೂರಿನಲ್ಲಿ ಅವರ ಕಾರಿಗೆ ಮೊಟ್ಟೆ ಬಿತ್ತು. ಕ್ಷಮೆ ಕೇಳುವುದಿಲ್ಲವೆಂದು ಅವರು ಗಟ್ಟಿಯಾಗಿ ನಿಂತಾಗ ನಮ್ಮ ಬಡಾವಣೆಯ ಹಿರಿಯರೊಬ್ಬರು ಆಡಿದ ಮಾತು ನೆನಪಿದೆ: "ಸಿನಿಮಾದ ಹುಡುಗಿಗೆ ಇಷ್ಟು ಕೊಬ್ಬು ಇರಬಾರದು." ರಮ್ಯಾ ಸಂಸದೆಯಾಗಿದ್ದವರು ಎಂಬುದು ಆ ಹಿರಿಯರಿಗೆ ಲೆಕ್ಕಕ್ಕೇ ಬರಲಿಲ್ಲ. ಅದೇ ಮಂಡ್ಯದಿಂದ, ಅದೇ ಚಿತ್ರರಂಗದಿಂದ ಹೋಗಿ ಕೇಂದ್ರದಲ್ಲಿ ರಾಜ್ಯ ಸಚಿವರೂ ಆಗಿದ್ದ ಅಂಬರೀಷ್ ಅವರ ನೇರನುಡಿ ಮಾತ್ರ ನಮಗೆಲ್ಲ ಪ್ರೀತಿಯ ವಿಷಯ. ಅವರು ಗದರಿದರೂ ಚೆಂದ, ಎದುರಿಗಿದ್ದವರನ್ನು ಏಕವಚನದಲ್ಲಿ ಕರೆದರೂ ಚೆಂದ. ಬಾಯಿ ಒರಟು, ಮನಸ್ಸು ಮಗುವಿನದು ಎಂದು ನಾವೇ ಸಮಜಾಯಿಷಿ ಕೊಡುತ್ತಿದ್ದೆವು. ಅವರ ಬಗೆಗಿನ ಆ ಪ್ರೀತಿ ಸುಳ್ಳೆಂದು ನಾನು ಹೇಳುತ್ತಿಲ್ಲ, ನನಗೂ ಅದು ಇತ್ತು. ಒರಟು ಮಾತಿನ ಹಿಂದೆ ಒಳ್ಳೆಯ ಮನಸ್ಸನ್ನು ಹುಡುಕಿಕೊಡುವ ಆ ಔದಾರ್ಯ ಯಾವ ನಟಿಗೂ ಸಿಕ್ಕಿದ್ದನ್ನು ಮಾತ್ರ ನಾನು ಕಾಣೆ.

ಪಾಳಿ ಮುಗಿಸಿ, ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿ, ನ್ಯಾಷನಲ್ ಕಾಲೇಜಿನಲ್ಲಿಳಿದು ಮನೆಗೆ ಬಂದಾಗ ಟಿವಿಯಲ್ಲಿ ಇದೇ ವಿಷಯದ ಚರ್ಚೆ ನಡೆಯುತ್ತಿತ್ತು. ಅತ್ತೆ ಅವರೆಕಾಯಿ ಇಲ್ಲದ ಕಾಲವಾದ್ದರಿಂದ ಅಲಸಂದೆ ಬಿಡಿಸುತ್ತ ನೋಡುತ್ತಿದ್ದರು.

"ಪಾಪ, ಆ ಹುಡುಗರು ಬರೆದಿದ್ದು ಕೇಳೋಕಾಗಲ್ಲ ಬಿಡು," ಎಂದವರು, ಅದೇ ಉಸಿರಿನಲ್ಲಿ, "ಆದರೂ ಅವಳಿಗ್ಯಾಕೆ ಬೇಕಿತ್ತು ಊರ ಉಸಾಬರಿ? ಸುಮ್ಮನಿದ್ದಿದ್ರೆ ಯಾರು ಏನಂತಿದ್ರು?" ಎಂದರು.

"ಸುಮ್ಮನಿದ್ದವರನ್ನು ಬಿಟ್ಟಿದ್ದಾರಾ ಅತ್ತೆ? ನಿಖಿತಾ ನೆನಪಿದ್ದಾಳಾ ನಿಮಗೆ?"

ನೆನಪಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಪತ್ನಿಯ ಮೇಲೆ ಹಲ್ಲೆ ಮಾಡಿದ ಆರೋಪದ ಮೇಲೆ ದರ್ಶನ್ ಬಂಧನವಾದಾಗ, ಆ ದಾಂಪತ್ಯದ ಬಿರುಕಿಗೆ ಕಾರಣಳೆಂದು ನಟಿ ನಿಖಿತಾ ಅವರಿಗೆ ಚಲನಚಿತ್ರ ನಿರ್ಮಾಪಕರ ಸಂಘ ಮೂರು ವರ್ಷ ನಿಷೇಧ ಹೇರಿತು. ಬಂಧನವಾದ ನಾಯಕನಿಗೆ ಅಂಥ ನಿಷೇಧವೇನೂ ಇರಲಿಲ್ಲ. ಅವರು ಜೈಲಿನಲ್ಲಿರುವಾಗಲೇ, ಸೆಪ್ಟೆಂಬರ್ 30ರಂದು 'ಸಾರಥಿ' ತೆರೆಕಂಡು ಭರ್ಜರಿಯಾಗಿ ಓಡಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಸಂಘ ನಿಷೇಧವನ್ನು ಹಿಂತೆಗೆದುಕೊಂಡಿತು. ನಿಖಿತಾ ಪತ್ರಿಕಾಗೋಷ್ಠಿ ಕರೆದು ಯಾರನ್ನೂ ಕೆಣಕಿದ್ದವರಲ್ಲ, ಯಾವ ತೀರ್ಪಿನ ಬಗ್ಗೆಯೂ ಬರೆದಿದ್ದವರಲ್ಲ.

"'ಸಾರಥಿ'ನ ನಾವೆಲ್ಲ ಹೋಗಿ ನೋಡಿದ್ವಿ," ಎಂದು ಅತ್ತೆ ನೆನಪಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಅವಳ ವಿಷಯ ಬೇರೆ ಬಿಡು" ಎಂದು ಕುಕ್ಕರ್ ಇಡಲು ಎದ್ದರು. ಹೇಗೆ ಬೇರೆ ಎಂದು ಅವರು ಹೇಳಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ಬಾಳಿನುದ್ದಕ್ಕೂ ಸುಮ್ಮನಿದ್ದೇ ಮನೆ ಉಳಿಸಿಕೊಂಡವರಿಗೆ, ಸುಮ್ಮನಿರುವುದರಿಂದ ಪ್ರಯೋಜನವಿಲ್ಲವೆಂದು ಟಿವಿ ಮುಂದೆ ಕುಳಿತು ವಾದಿಸಲು ನನಗೆ ಮನಸ್ಸಾಗಲಿಲ್ಲ.

ಆ ವಾರ ಕಚೇರಿಯಲ್ಲಿ ಒಂದು ತೀರ್ಮಾನವಾಯಿತು. ರಮ್ಯಾ ಅವರ ಹೆಸರಿರುವ ಸುದ್ದಿಗಳಿಗೆ ಕಾಮೆಂಟು ಬರೆಯುವ ಅವಕಾಶವನ್ನೇ ಮುಚ್ಚಬೇಕು, ಸೋಸುತ್ತ ಕೂರಲು ನಮ್ಮಲ್ಲಿ ಜನರಿಲ್ಲ ಎಂಬುದು ಮೇಲಿನವರ ಮಾತು. ಕಮಲ್ ಹಾಸನ್ ಅವರ ಸುದ್ದಿಗೆ ಇದಕ್ಕಿಂತ ಹೆಚ್ಚು ಕಾಮೆಂಟು ಬಂದಾಗಲೂ ಮುಚ್ಚಿರಲಿಲ್ಲವಲ್ಲ ಎಂದು ನಾನು ಬೆಳಗಿನ ಸಭೆಯಲ್ಲಿ ಕೇಳಿದೆ. ಅದು ಚರ್ಚೆ, ಇದು ತಲೆನೋವು ಎಂಬ ಉತ್ತರ ಬಂತು. ಅವರ ಕಷ್ಟ ನನಗೂ ಗೊತ್ತಿದ್ದದ್ದೇ. ಹೆಣ್ಣುಮಗಳೊಬ್ಬಳ ಮೇಲಿನ ಕೊಳಕನ್ನು ನಮ್ಮದೇ ಪುಟದಲ್ಲಿ ಉಳಿಸಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ.

ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ದರ್ಶನ್ ಅವರ ಜಾಮೀನನ್ನು ರದ್ದುಪಡಿಸಿತು. ಆ ಸುದ್ದಿಯ ಕೆಳಗೆ ಇಡೀ ದಿನ ಜನ ಅತ್ತರು, ಹರಕೆ ಹೊತ್ತರು, ನ್ಯಾಯಮೂರ್ತಿಗಳೊಂದಿಗೆ ವಾದಕ್ಕಿಳಿದರು; ಯಾವುದಕ್ಕೂ ಅಡ್ಡಿಯಿರಲಿಲ್ಲ. ತೀರ್ಪನ್ನು ಸ್ವಾಗತಿಸಿದ ರಮ್ಯಾ ಅವರ ಸುದ್ದಿಯ ಕೆಳಗೆ ಅವರನ್ನು ಬೈಯಲು ಬಂದವರಿಗೂ ಜಾಗವಿರಲಿಲ್ಲ, ಅವರ ಪರವಾಗಿ ಒಂದು ಸಾಲು ಬರೆಯಲು ಬಂದವರಿಗೂ ಇರಲಿಲ್ಲ. ಬೈಯಬೇಕೆಂದವರು ದರ್ಶನ್ ಸುದ್ದಿಯ ಕೆಳಗೆ ಹೋಗಿ ರಮ್ಯಾ ಅವರನ್ನು ಬೈದರು, ಪರವಾಗಿದ್ದವರು ಅಷ್ಟು ದೂರ ಹುಡುಕಿಕೊಂಡು ಹೋಗಲಿಲ್ಲ.