ಓಡುತ್ತಿದ್ದ ಎಂಜಿನನ್ನು ನಾನೇ ನಿಲ್ಲಿಸಿದ ದಿನ

ದೀಪಾವಳಿಗೆ ಎರಡು ದಿನ ಮುಂಚೆ, ಅಮೆರಿಕದ ಪೆನ್ಸಿಲ್ವೇನಿಯಾದ ಲಾರೆಲ್ ಹಿಲ್ ಎಂಬ ಉದ್ದನೆಯ ಬೆಟ್ಟಸಾಲಿನ ಮೇಲೆ ಒಂಬತ್ತು ಸಾವಿರ ಅಡಿ ಎತ್ತರದಲ್ಲಿ ನನ್ನ ಪುಟ್ಟ ಅವಳಿ ಎಂಜಿನ್ನಿನ ವಿಮಾನವನ್ನು ಹಾರಿಸುತ್ತಿದ್ದಾಗ, ಹಿಂದಿನ ಸೀಟಿನ ಎಡಬದಿಯಲ್ಲಿ ಕೂತಿದ್ದ ನನ್ನ ಅಮ್ಮ ಹೆಡ್‌ಸೆಟ್ಟಿನಲ್ಲಿ ಹೇಳಿದರು: “ಮಗಾ, ಈ ಕಡೆ ಎಂಜಿನ್ ಮೇಲೆ ಕಪ್ಪಗೆ ಏನೋ ಹರೀತಾ ಇದೆ ನೋಡು. ನಮ್ಮ ಹಳೇ ಪಂಪ್‌ಸೆಟ್ಟು ಎಣ್ಣೆ ಕಾರ್ತಿತ್ತಲ್ಲ, ಹಂಗೇ ಇದೆ.”

ತಿರುಗಿ ನೋಡಿದೆ. ಎಡ ಎಂಜಿನ್ನಿನ ಹೊದಿಕೆಯ ಹಿಂಭಾಗದಲ್ಲಿ ಬೆರಳಗಲದ ಒಂದು ಗೆರೆ ಗಾಳಿಗೆ ಹರಡಿಕೊಂಡು ರೆಕ್ಕೆಯ ಮೇಲೆ ಹಿಂದಕ್ಕೆ ಸರಿಯುತ್ತಿತ್ತು. ಆಯಿಲ್ ಪ್ರೆಶರ್ ಮೊದಲಿಗಿಂತ ನಾಲ್ಕೈದು ಅಂಕ ಕಡಿಮೆಯಾಗಿತ್ತು, ಆಯಿಲ್‌ನ ಉಷ್ಣತೆ ಸ್ವಲ್ಪ ಏರಿತ್ತು. ಎರಡೂ ಮಾಪಕದ ಹಸಿರು ಪಟ್ಟಿಯೊಳಗೇ, ಅಂದರೆ ಸುರಕ್ಷಿತ ಮಿತಿಯೊಳಗೇ ಇದ್ದವು. ಎಂಜಿನ್ನಿನ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ನನ್ನ ಹೆಂಡತಿ ನಕ್ಷೆಯಿಂದ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು, ಏನೂ ಕೇಳಲಿಲ್ಲ.

ನಾವು ಒಹಾಯೋದ ಕೊಲಂಬಸ್ ಊರಿನ ಹೊರವಲಯದ ಒಂದು ಚಿಕ್ಕ ವಿಮಾನ ನಿಲ್ದಾಣದಿಂದ ಹೊರಟು ಒಂದು ಗಂಟೆ ದಾಟಿತ್ತು. ನ್ಯೂ ಜೆರ್ಸಿಯಲ್ಲಿರುವ ತಂಗಿಯ ಮನೆಯಲ್ಲಿ ಹಬ್ಬ. ಕಾರಿನಲ್ಲಿ ಎಂಟು ಗಂಟೆಗೂ ಮೀರಿದ ದಾರಿಯನ್ನು ಈ ವಿಮಾನ ಎರಡೂವರೆ ಗಂಟೆಯಲ್ಲಿ ಮುಗಿಸುತ್ತದೆ. ಅಮ್ಮನ ಸೊಂಟನೋವಿಗೆ ಆ ಐದಾರು ಗಂಟೆಯ ಉಳಿತಾಯ ದೊಡ್ಡದು.

ವಿಮಾನ 1966ರ ಪೈಪರ್ ಟ್ವಿನ್ ಕೊಮಾಂಚಿ. ನಾನು ಕೊಂಡಾಗ ಅದಕ್ಕೆ ಐವತ್ತು ವರ್ಷ ತುಂಬಿತ್ತು. ಎರಡು ಎಂಜಿನ್ನಿನ ಹೊಸ ಬೀಚ್‌ಕ್ರಾಫ್ಟ್ ಬ್ಯಾರನ್ ಬೇಕೆಂದಿದ್ದರೆ ಆಗ ಹತ್ತು ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಗುತ್ತಿತ್ತು. ನನ್ನಂಥ ಸಂಬಳದ ಮನುಷ್ಯ ಒಳ್ಳೆಯ ಕಾರೊಂದರ ಬೆಲೆಗೆ ಎರಡು ಎಂಜಿನ್ನಿನ ವಿಮಾನದ ಒಡೆಯನಾಗಬಹುದಾದರೆ ಅದು ಇಂಥ ಹಳೆಯ ವಿಮಾನಗಳಿಂದ ಮಾತ್ರ. ಟ್ವಿನ್ ಕೊಮಾಂಚಿಯನ್ನು ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಊರಿನ ಕಾರ್ಖಾನೆಯಲ್ಲಿ ಕಟ್ಟುತ್ತಿದ್ದರು. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆಗೆ ಸಸ್ಕ್ವಹಾನಾ ನದಿ ಉಕ್ಕಿ ಕಾರ್ಖಾನೆಯೊಳಗೆ ನುಗ್ಗಿದಾಗ, ಈ ಮಾದರಿಯನ್ನು ಕಟ್ಟುವ ಅಚ್ಚು ಸಲಕರಣೆಗಳೆಲ್ಲ ಹಾಳಾದವು. ಆಮೇಲೆ ಹೊಸದೊಂದು ಹೊರಬರಲೇ ಇಲ್ಲ. ಹೀಗಾಗಿ ಇಂದು ಹಾರುತ್ತಿರುವ ಪ್ರತಿಯೊಂದು ಟ್ವಿನ್ ಕೊಮಾಂಚಿಯೂ ಅದರ ಒಡೆಯರ ಅಕ್ಕರೆಯಿಂದ ಉಳಿದುಬಂದದ್ದು. ಈ ಮಾತನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ.

ನಾಲ್ಕು ಸಿಲಿಂಡರಿನ, ತಲಾ 160 ಅಶ್ವಶಕ್ತಿಯ ಎರಡು ಲೈಕಮಿಂಗ್ ಎಂಜಿನ್ನುಗಳು ಸೇರಿ ಗಂಟೆಗೆ ಹದಿನಾರು ಹದಿನೇಳು ಗ್ಯಾಲನ್ ಪೆಟ್ರೋಲು ಕುಡಿದು ಸುಮಾರು 160 ನಾಟ್ (ಗಂಟೆಗೆ ಹತ್ತಿರಹತ್ತಿರ 300 ಕಿಲೋಮೀಟರ್) ವೇಗ ಕೊಡುತ್ತವೆ. ಇಷ್ಟು ಮಿತವ್ಯಯದ ಅವಳಿ ಎಂಜಿನ್ನಿನ ವಿಮಾನಗಳು ವಿರಳ. ಆದರೆ ಖರ್ಚು ಪೆಟ್ರೋಲಿನಲ್ಲಿ ಮಾತ್ರ ಇಲ್ಲ. ಇಲ್ಲಿ ಎಲ್ಲವೂ ಎರಡೆರಡು: ಎರಡು ಪ್ರೊಪೆಲ್ಲರು, ಪ್ರೊಪೆಲ್ಲರಿನ ವೇಗ ಹಿಡಿದಿಡುವ ಎರಡು ಗವರ್ನರು, ಕಿಡಿಗೆ ವಿದ್ಯುತ್ ಕೊಡುವ ನಾಲ್ಕು ಮ್ಯಾಗ್ನೆಟೊ, ಹದಿನಾರು ಸ್ಪಾರ್ಕ್ ಪ್ಲಗ್ಗು. ಎರಡು ಸಾವಿರ ಗಂಟೆ ಓಡಿದ ಮೇಲೆ ಎಂಜಿನ್ ಬಿಚ್ಚಿ ಹೊಸದಾಗಿ ಜೋಡಿಸಬೇಕೆಂಬುದು ತಯಾರಕರ ಸಲಹೆ. ಆ ದಿನ ಬಂದಾಗ ಒಂದೊಂದಕ್ಕೂ ಹತ್ತಾರು ಸಾವಿರ ಡಾಲರು ತೆಗೆದಿಡಬೇಕು. ಕೊಳ್ಳುವ ಮುಂಚೆ ನಾನು ಒಂದು ಇಡೀ ಶನಿವಾರ ಹ್ಯಾಂಗರಿನಲ್ಲಿ ಕೂತು ಅರ್ಧ ಶತಮಾನದ ಲಾಗ್‌ಬುಕ್ಕುಗಳನ್ನು ಓದಿದ್ದೆ. ಯಾರೋ 1971ರಲ್ಲಿ ಬದಲಿಸಿದ ಟೈರು, ಯಾರೋ 1988ರಲ್ಲಿ ಗೇರ್, ಅಂದರೆ ಇಳಿಯುವ ಚಕ್ರಗಳನ್ನು, ಮೇಲೆತ್ತಿಕೊಂಡೇ ಇಳಿದ ಘಟನೆ, ಆಮೇಲಿನ ದುರಸ್ತಿ, ಎಲ್ಲವೂ ಬೇರೆಬೇರೆ ಕೈಬರಹಗಳಲ್ಲಿತ್ತು. ಹಳೆಯ ಜಮೀನು ಕೊಳ್ಳುವವರು ಪಹಣಿ ಓದುವ ಹಾಗೆ ಓದಿದೆ ಎಂದರೆ ನಮ್ಮ ಊರಿನವರಿಗೆ ಅರ್ಥವಾದೀತು.

ಆ ಲಾಗ್‌ಬುಕ್ಕಿನ ಕೊನೆಯ ಪುಟಗಳಲ್ಲಿ ನನ್ನ ಕಾಲದ ಒಂದು ನಮೂದು ಇದೆ. ಹಿಂದಿನ ವಾರ್ಷಿಕ ತಪಾಸಣೆಯಲ್ಲಿ ಮೆಕ್ಯಾನಿಕ್ ಬಲ ಎಂಜಿನ್ನಿನ ಆಯಿಲ್ ಮತ್ತು ಇಂಧನದ ರಬ್ಬರ್ ಹೋಸ್‌ಗಳನ್ನೆಲ್ಲ ಬದಲಿಸಿದ್ದರು. ಎಡಗಡೆಯವೂ ವಯಸ್ಸಾದವೇ, ಒಟ್ಟಿಗೇ ಮಾಡಿಬಿಡೋಣವೇ ಎಂದು ಅವರು ಕೇಳಿದ್ದರು. ಆ ಸಲದ ಬಿಲ್ಲು ಆಗಲೇ ಅಂದುಕೊಂಡದ್ದಕ್ಕಿಂತ ಎರಡು ಪಟ್ಟಾಗಿತ್ತು. ಹೋಸ್‌ಗಳು ನೋಡಲು ಚೆನ್ನಾಗಿಯೇ ಇದ್ದವು, ಸೋರಿಕೆ ಇರಲಿಲ್ಲ, ಇಂತಿಷ್ಟು ವರ್ಷ ಆದ ಕೂಡಲೇ ಬದಲಿಸಲೇಬೇಕೆಂಬ ಕಾನೂನಿನ ಕಡ್ಡಾಯವೂ ನನ್ನಂಥ ಖಾಸಗಿ ಮಾಲೀಕನಿಗೆ ಇರಲಿಲ್ಲ. ಎಡಗಡೆಯದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣ ಎಂದೆ. ತೀರ್ಮಾನ ಪೂರ್ತಿ ನನ್ನದು. ಅಮ್ಮ ತೋರಿಸಿದ ಆ ಕಪ್ಪು ಗೆರೆಯನ್ನು ಕಂಡ ಮೊದಲ ಕ್ಷಣದಲ್ಲೇ ನನಗೆ ನೆನಪಾದದ್ದು ಆ ಮಾತು.

ಆಗ ನನ್ನ ಮುಂದಿದ್ದ ಪ್ರಶ್ನೆ, ಚೆನ್ನಾಗಿ ಓಡುತ್ತಿರುವ ಎಂಜಿನನ್ನು ನಿಲ್ಲಿಸಬೇಕೆ, ಬೇಡವೆ ಎಂಬುದು. ಎಂಜಿನ್ ತಾನಾಗಿ ಕೆಟ್ಟು ನಿಂತರೆ ಪೈಲಟ್‌ಗೆ ಆಯ್ಕೆಯಿಲ್ಲ, ಕಲಿತದ್ದನ್ನು ಮಾಡುತ್ತಾನೆ. ಓಡುತ್ತಿರುವಾಗ ಮನಸ್ಸು ಹಿಂಜರಿಯುತ್ತದೆ. ಇನ್ನೂ ಐದು ನಿಮಿಷ ನೋಡೋಣ, ಪ್ರೆಶರ್ ಹಸಿರಿನಲ್ಲೇ ಇದೆಯಲ್ಲ, ಅಲ್ಲಿಯವರೆಗೆ ಈ ಶಕ್ತಿಯನ್ನು ಯಾಕೆ ಬಿಟ್ಟುಕೊಡಬೇಕು ಎನ್ನಿಸುತ್ತದೆ. ಹಿಂದಿನ ಸೀಟಿನಲ್ಲಿ ಎಪ್ಪತ್ತು ದಾಟಿದ ತಾಯಿ ಕೂತಿರುವಾಗ ಆ ಹಿಂಜರಿಕೆ ಇನ್ನೂ ಬಲವಾಗುತ್ತದೆ.

ಆದರೆ ಈ ಪ್ರೊಪೆಲ್ಲರಿನ ರಚನೆಯಲ್ಲೇ ಒಂದು ಗಡುವು ಇದೆ. ಎಂಜಿನ್ ನಿಂತಾಗ ಪ್ರೊಪೆಲ್ಲರಿನ ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲಬೇಕು. ಇದಕ್ಕೆ ಫೆದರ್ ಮಾಡುವುದು ಎನ್ನುತ್ತೇವೆ. ಹಾಗೆ ನಿಲ್ಲದೆ ಅಲಗುಗಳು ಅಗಲಕ್ಕೆ ಗಾಳಿಯನ್ನು ಅಡ್ಡಗಟ್ಟಿದರೆ, ಉಳಿದ ಒಂದು ಎಂಜಿನ್ನಿನ ಶಕ್ತಿಯೆಲ್ಲ ಆ ತಡೆಯನ್ನು ಎಳೆಯುವುದರಲ್ಲೇ ಕರಗಿ ವಿಮಾನ ಎತ್ತರ ಉಳಿಸಿಕೊಳ್ಳಲಾರದು. ಅಲಗುಗಳನ್ನು ಹಾರಾಟದ ಕೋನದಲ್ಲಿ ಹಿಡಿದಿಡುವುದು ಎಂಜಿನ್ನಿನ ಎಣ್ಣೆಯ ಒತ್ತಡ. ಅದು ಹೋದರೆ ಒಳಗೆ ತುಂಬಿಟ್ಟ ಅನಿಲದ ಒತ್ತಡ ಅವನ್ನು ಫೆದರ್ ಕಡೆಗೆ ತಳ್ಳುತ್ತದೆ. ಆದರೆ ನೆಲದ ಮೇಲೆ ಪ್ರತಿ ಸಲ ಎಂಜಿನ್ ಆರಿಸಿದಾಗಲೂ ಹೀಗಾಗಬಾರದೆಂದು ಅದರಲ್ಲಿ ಚಿಕ್ಕ ಬೀಗದ ಪಿನ್ನುಗಳಿವೆ. ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿಗೆ ವೇಗ ಇಳಿದಾಗ ಅವು ಬಿದ್ದು ಅಲಗುಗಳನ್ನು ಇದ್ದಲ್ಲೇ ಹಿಡಿದುಬಿಡುತ್ತವೆ. ಎಣ್ಣೆಯಿಲ್ಲದೆ ಬಿಸಿಯೇರಿ ಎಂಜಿನ್ ಗಕ್ಕನೆ ಕಚ್ಚಿಕೊಂಡರೆ ಆ ಪ್ರೊಪೆಲ್ಲರ್ ಫೆದರ್ ಆಗುತ್ತದೆಂಬ ಭರವಸೆಯಿಲ್ಲ. ಚೆನ್ನಾಗಿ ಓಡುತ್ತಿರುವಾಗ ನಿಲ್ಲಿಸಿದರೆ ಮಾತ್ರ ಅದು ಚೆನ್ನಾಗಿ ನಿಲ್ಲುತ್ತದೆ.

ಇದನ್ನು ನನಗೆ ಕಲಿಸಿದ ಬೋಧಕರು ಆರು ತಿಂಗಳಿಗೊಮ್ಮೆ ನನ್ನನ್ನು ಮೇಲೆ ಕರೆದುಕೊಂಡು ಹೋಗಿ ಒಂದು ಎಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡಿ, “ಯಾವುದು ಹೋಯಿತು? ಹೇಗೆ ಗೊತ್ತು? ಖಚಿತವೇ?” ಎಂದು ಪ್ರತಿ ಸಲವೂ ಮೊದಲ ಸಲವೆಂಬಂತೆ ಕೇಳುತ್ತಿದ್ದರು. ಕಾನೂನಿನ ಪ್ರಕಾರ ಎರಡು ವರ್ಷಕ್ಕೊಂದು ಪರಿಶೀಲನೆ ಸಾಕು. ಅದು ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ವಿಮಾನ ಹೊಸದಾಗಿದ್ದ 1960ರ ದಶಕದಲ್ಲಿ, ಎಂಜಿನ್ ನಿಂತ ಸ್ಥಿತಿಯ ಅಭ್ಯಾಸವನ್ನೇ ಕಡಿಮೆ ವೇಗದಲ್ಲಿ, ಕಡಿಮೆ ಎತ್ತರದಲ್ಲಿ ಮಾಡಲು ಹೋಗಿ ಹಲವರು ಸತ್ತರು. ಒಂದು ಎಂಜಿನ್ ಎಳೆಯುತ್ತಿರುವಾಗ ಚುಕ್ಕಾಣಿ ನೆಟ್ಟಗೆ ಹಿಡಿಯಬಲ್ಲ ಕನಿಷ್ಠ ವೇಗ ಗಂಟೆಗೆ 80 ಮೈಲಿ ಎಂದಿದ್ದುದನ್ನು ಆಮೇಲೆ 90ಕ್ಕೆ ಏರಿಸಿದರು. ಎರಡೂ ಎಂಜಿನ್ನಿನಲ್ಲಿ ನಿಮಿಷಕ್ಕೆ 1460 ಅಡಿ ಏರುವ ಈ ವಿಮಾನ ಒಂದರಲ್ಲಿ ಏರುವುದು 260 ಅಡಿ. ಅರ್ಧ ಶಕ್ತಿ ಹೋದರೆ ಏರಿಕೆಯಲ್ಲಿ ಹೋಗುವುದು ಅರ್ಧವಲ್ಲ, ಹೆಚ್ಚುಕಡಿಮೆ ಎಲ್ಲವೂ. ಎರಡು ಎಂಜಿನ್ ಇದೆಯಲ್ಲ, ಭಯವಿಲ್ಲ ಎಂದು ಯಾರಾದರೂ ಹೇಳಿದಾಗ ನನಗೆ ಸಂಕಟವಾಗುವುದು ಇದಕ್ಕೇ.

ಎಣ್ಣೆಯ ಗೆರೆ ಅಂಗೈಯಗಲವಾಗಿತ್ತು. ಕ್ಲೀವ್‌ಲ್ಯಾಂಡ್‌ನ ವಾಯುಸಂಚಾರ ನಿಯಂತ್ರಣ ಕೇಂದ್ರಕ್ಕೆ ಎಮರ್ಜೆನ್ಸಿ ಎಂದು ತಿಳಿಸಿದೆ. ಒಳಗೆ ಎಷ್ಟು ಜನ, ಎಷ್ಟು ಗಂಟೆಯ ಇಂಧನ ಎಂದು ಕೇಳಿದರು. ಮೂವರು, ಮೂರೂವರೆ ಗಂಟೆ ಎಂದೆ. ಮುಂದೆ ಜಾನ್ಸ್‌ಟೌನ್, ಹಿಂದೆ ಲಾಟ್ರೋಬ್. ಎರಡೂ ಹೆಚ್ಚುಕಡಿಮೆ ಸಮದೂರ. ಜಾನ್ಸ್‌ಟೌನ್ ನಿಲ್ದಾಣ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 2280 ಅಡಿ ಎತ್ತರದಲ್ಲಿದೆ. ಲಾಟ್ರೋಬ್ ಇರುವುದು 1200 ಅಡಿಯಲ್ಲಿ. ಒಂದೇ ಎಂಜಿನ್ನಿನಲ್ಲಿ ಇಳಿಯುವವನಿಗೆ ಆ ಸಾವಿರ ಅಡಿ ಕೈಯಲ್ಲಿರುವ ಹಣದಂತೆ. ಜೊತೆಗೆ ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಲಾಟ್ರೋಬ್‌ಗಾದರೆ ಪೂರ್ವದಿಂದ ನೇರವಾಗಿ, ಗಾಳಿಗೆ ಎದುರಾಗಿ ಇಳಿಯಬಹುದಿತ್ತು. ಹಿಂದಕ್ಕೆ ತಿರುಗುತ್ತೇನೆ ಎಂದೆ.

ಆಮೇಲೆ ಎಂಜಿನ್ ನಿಲ್ಲಿಸುವ ಕ್ರಮದ ಪಟ್ಟಿಯನ್ನು ಓದಲು ಹೆಂಡತಿಗೆ ಹೇಳಿದೆ. ಅವಳು ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು, ಪ್ರತಿ ಸಾಲಿಗೂ ನಾನು ಲಿವರನ್ನು ಮುಟ್ಟಿ ಎಡಗಡೆಯದೇ ಎಂದು ಬಾಯಿಬಿಟ್ಟು ಹೇಳಿದೆ. ಥ್ರಾಟಲ್ ಹಿಂದಕ್ಕೆ. ಬಲಗಾಲು ಚುಕ್ಕಾಣಿಯ ಪೆಡಲಿನ ಮೇಲೆ. ಪ್ರೊಪೆಲ್ಲರಿನ ಲಿವರನ್ನು ಕೊನೆಯವರೆಗೆ ಎಳೆಯುವ ಮುಂಚೆ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಎಳೆದೆ, ಇಂಧನ ಕತ್ತರಿಸಿದೆ. ಅಲಗುಗಳು ನಿಧಾನವಾಗಿ ತಿರುಗಿ, ಎರಡು ಮೂರು ಸಲ ಸೋಮಾರಿಯಂತೆ ಸುತ್ತಿ, ನಿಂತವು.

“ಅಯ್ಯೋ, ಇದು ನಿಂತೇ ಹೋಯ್ತಲ್ಲೋ!”

“ನಾನೇ ನಿಲ್ಸಿದ್ದಮ್ಮ. ಎಣ್ಣೆ ಸೋರ್ತಿದೆ, ಪೂರ್ತಿ ಖಾಲಿ ಆಗೋ ಮುಂಚೆ ನಿಲ್ಸಿದೆ. ಇನ್ನೊಂದು ಚೆನ್ನಾಗಿದೆ. ಹತ್ತು ನಿಮಿಷದಲ್ಲಿ ಇಳೀತೀವಿ.”

“ಸರಿ, ನೀನು ನಿನ್ನ ಕೆಲಸ ನೋಡು,” ಎಂದರು. ಆಮೇಲೆ ಇಳಿಯುವವರೆಗೂ ಅವರು ಮಾತಾಡಲಿಲ್ಲ.

ರೆಕ್ಕೆಯನ್ನು ಎರಡು ಮೂರು ಡಿಗ್ರಿ ಬಲಕ್ಕೆ ವಾಲಿಸಿ, ಪೆಡಲಿನ ಭಾರವನ್ನು ತಾನೇ ಹೊರುವ ಚುಕ್ಕಾಣಿಯ ಟ್ರಿಮ್ ತಿರುಗಿಸಿದ ಮೇಲೆ ಕಾಲಿನ ನಡುಕ ನಿಂತಿತು. ಕೆಳಗೆ ಚೆಸ್ಟ್‌ನಟ್ ರಿಡ್ಜ್‌ನ ಕಾಡು ಅಕ್ಟೋಬರಿನ ಕೆಂಪು ಹಳದಿಯಲ್ಲಿತ್ತು. ಈ ವಿಮಾನಕ್ಕೆ ಒಂದೇ ಎಂಜಿನ್ನಿನಲ್ಲಿ ಪೂರ್ತಿ ಭಾರ ಹೊತ್ತು ಹಾರಬಲ್ಲ ಎತ್ತರ ಸುಮಾರು 5800 ಅಡಿ. ಈ ಬೆಟ್ಟಗಳು ಮೂರು ಸಾವಿರ ದಾಟುವುದಿಲ್ಲ. ಅಮೆರಿಕದ ಪಶ್ಚಿಮದಲ್ಲಿ, ರಾಕಿ ಪರ್ವತಗಳ ಮೇಲಾಗಿದ್ದರೆ ಈ ಲೆಕ್ಕ ಬೇರೆಯೇ ಆಗುತ್ತಿತ್ತು.

ಇಳಿಯುವಾಗ ನಾನು ಹೆದರಿದ್ದು ಒಂದಕ್ಕೇ: ಬೇಗ ಗೇರ್ ಇಳಿಸಿ, ಆಮೇಲೆ ರನ್‌ವೇ ತಲುಪಲು ಎತ್ತರ ಸಾಲದಾಗುವುದು. ಗೇರ್ ಮತ್ತು ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಮಡಚು ಹಲಗೆಗಳು) ಇಳಿಸಿಕೊಂಡ ಮೇಲೆ ಒಂದು ಎಂಜಿನ್ನಿನಲ್ಲಿ ಮತ್ತೆ ಮೇಲೇರುವ ಯೋಚನೆಯೇ ಬೇಡ. ಆದ್ದರಿಂದ ಎಂದಿನದಕ್ಕಿಂತ ಎತ್ತರವಾಗಿ ಬಂದು, ರನ್‌ವೇ ಖಂಡಿತ ಕೈಗೆ ಸಿಕ್ಕಿತು ಎನ್ನಿಸಿದ ಮೇಲೆಯೇ ಗೇರ್ ಇಳಿಸಿದೆ. ಗೇರ್ ಇಳಿದದ್ದನ್ನು ತೋರಿಸುವ ಹಸಿರು ದೀಪ ಹೊತ್ತಿಕೊಂಡಿತು. ಚಕ್ರ ಮುಟ್ಟಿದ್ದು ಸ್ವಲ್ಪ ಮುಂದೆಯೇ ಆದರೂ, ಉದ್ದವಾದ ರನ್‌ವೇ ಇನ್ನೂ ಬೇಕಾದಷ್ಟು ಉಳಿದಿತ್ತು. ಒಂದೇ ಎಂಜಿನ್ನಿನಲ್ಲಿ ನೆಲದ ಮೇಲೆ ನೆಟ್ಟಗೆ ಓಡಿಸುವುದು ಕಷ್ಟವಾದ್ದರಿಂದ, ಉಳಿದ ವೇಗದಲ್ಲೇ ಪಕ್ಕದ ದಾರಿಗೆ ಹೊರಳಿಸಿ ನಿಲ್ಲಿಸಿದೆ. ಅಗ್ನಿಶಾಮಕ ವಾಹನದವರು ಸುತ್ತು ಬಂದು ನೋಡಿ, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಟ್ಟರು. ಆ ನಿಲ್ದಾಣಕ್ಕೆ ಅದೇ ಊರಿನಲ್ಲಿ ಹುಟ್ಟಿ, ತನ್ನ ವಿಮಾನವನ್ನು ತಾನೇ ಹಾರಿಸುತ್ತಿದ್ದ ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಅವರ ಹೆಸರಿದೆ.

ಅಮ್ಮ ರೆಕ್ಕೆಯ ಮೇಲೆ ನನ್ನ ಕೈ ಹಿಡಿದು ಇಳಿದು, ಎಡ ಎಂಜಿನ್ನಿನ ಬಳಿ ಹೋಗಿ, ಸೀರೆಗೆ ತಾಗದಂತೆ ದೂರದಿಂದಲೇ ಎಣ್ಣೆಯನ್ನು ನೋಡಿದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನನ್ನ ಹೆಂಡತಿ ಅವರ ಭುಜದ ಮೇಲೆ ಕೈಯಿಟ್ಟು ಅತ್ತಳು. ಬಾಡಿಗೆ ಕಾರು ಹಿಡಿದು ರಾತ್ರಿ ಹನ್ನೊಂದಕ್ಕೆ ತಂಗಿಯ ಮನೆ ತಲುಪಿದೆವು.

ಸೋಮವಾರ ಅಲ್ಲಿನ ಮೆಕ್ಯಾನಿಕ್ ಫೋನು ಮಾಡಿದರು. ಆಯಿಲ್ ಕೂಲರಿಗೆ ಹೋಗುವ ಹೋಸ್, ಬಾಗಿದ ಒಳಮೈಯಲ್ಲಿ ಬಿರುಕು ಬಿಟ್ಟಿತ್ತು. ಹೊರಗಿನಿಂದ ನೋಡಿದರೆ ಕಾಣದ ಜಾಗ. ಎಂಟು ಕ್ವಾರ್ಟ್ (ಒಂದು ಕ್ವಾರ್ಟ್ ಎಂದರೆ ಸುಮಾರು ಒಂದು ಲೀಟರ್) ಎಣ್ಣೆ ಹಿಡಿಯುವ ಎಂಜಿನ್ನಿನಲ್ಲಿ ಉಳಿದದ್ದು ಮೂರು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಎಡಗಡೆಯ ಹೋಸ್‌ಗಳನ್ನೆಲ್ಲ ಬದಲಿಸಲು ಆದ ಖರ್ಚು, ಹಿಂದಿನ ವರ್ಷ ನಾನು ಉಳಿಸಿದೆನೆಂದುಕೊಂಡ ಮೊತ್ತಕ್ಕಿಂತ ಹೆಚ್ಚೇನೂ ಇರಲಿಲ್ಲ.

ಮೂರು ವಾರದ ನಂತರ ಒಬ್ಬನೇ ಹೋಗಿ ವಿಮಾನ ತರಲು ಹೊರಟೆ. ಎಂಜಿನ್ ಹೊದಿಕೆ ತೆಗೆಸಿ, ಹೊಸ ಹೋಸ್‌ಗಳ ಮೇಲಿನ ತಗಡಿನ ಚೀಟಿಗಳಲ್ಲಿ ತಾರೀಖನ್ನು ಒಂದೊಂದಾಗಿ ಓದಿ, ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಮೇಲೇರಿದ ಮೇಲೆ ನಿಲ್ದಾಣ ಕಣ್ಣಿಗೆ ಕಾಣುವಷ್ಟರಲ್ಲೇ ಇಪ್ಪತ್ತು ನಿಮಿಷ ಸುತ್ತು ಹಾಕಿದೆ. ಎಡಗಡೆಯ ಹೊದಿಕೆಯ ಮೇಲೆ ಏನೂ ಇರಲಿಲ್ಲ. ಆಮೇಲೆ ಪಶ್ಚಿಮಕ್ಕೆ ತಿರುಗಿದೆ.